ದುಡಿತವೇ ಬೇರೆ, ವ್ಯಾಯಾಮವೇ ಬೇರೆ

ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಧಾರವಾಡಕ್ಕೆ ಓದಲು ಬಂದು, ವಸತಿನಿಲಯದಲ್ಲಿದ್ದುಕೊಂಡು, ಬೆಳಿಗ್ಗೆ ಓಟ ಮತ್ತು ಸಂಜೆ ಭಾರ ಎತ್ತುವ ಅಭ್ಯಾಸವನ್ನು ರೂಢಿಸಿಕೊಂಡಿರುವ ನನಗೆ, ಊರಿಗೆ ಹೋದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ. "ಹೊಲದಾಗ ದುಡದ್ರ ಸಾಕಲ್ಲೇನ ತಂಗಿ? ರೊಕ್ಕಾ ಕೊಟ್ಟು ಕಬ್ಬಣಾ ಎತ್ತೂದು ಯಾಕ?" ಕೇಳುವವರು ನನ್ನ ಕಾಕಾ, ದೊಡ್ಡವ್ವ, ಓಣಿಯ ಹಿರಿಯರು. ಅವರ ಮಾತಿನಲ್ಲಿ ಕುಹಕವಿಲ್ಲ. ದುಡಿಯುವ ಮೈಗೆ ಬೇರೆ ಕಸರತ್ತು ಬೇಡ, ಕಸರತ್ತು ಕುಳಿತು ಉಣ್ಣುವವರಿಗೆ ಮಾತ್ರ ಎಂಬುದು ಅವರ ಪ್ರಾಮಾಣಿಕ ನಂಬಿಕೆ. ಪ್ರಾಮಾಣಿಕವಾಗಿರುವುದರಿಂದಲೇ ಆ ನಂಬಿಕೆಗೆ ಸಮಾಧಾನವಾಗಿ, ವಿವರವಾಗಿ ಉತ್ತರ ಕೊಡಬೇಕೆಂದು ನನಗೆ ಅನ್ನಿಸಿದೆ.

ನನ್ನ ಆಸಕ್ತಿ ಒಮ್ಮೆಲೇ ಹುಟ್ಟಿದ್ದಲ್ಲ. ಪದವಿಯ ಮೊದಲ ವರ್ಷದಲ್ಲಿ ಗೆಳತಿಯರ ಜೊತೆ ಮುಂಜಾನೆ ಕರ್ನಾಟಕ ಕಾಲೇಜಿನ ಮೈದಾನಕ್ಕೆ ಸುತ್ತು ಹಾಕಲು ಹೋಗುತ್ತಿದ್ದೆ. ನಡಿಗೆ ಓಟವಾಯಿತು. ಮುಂದೆ ನಮ್ಮ ದೈಹಿಕ ಶಿಕ್ಷಣದ ಮೇಡಂ ಬಸ್ಕಿ, ದಂಡಗಳನ್ನು ಸರಿಯಾದ ಭಂಗಿಯಲ್ಲಿ ಕಲಿಸಿದರು. ಕೈಯಲ್ಲಿ ಏನೂ ಇಲ್ಲದೆ ಬಸ್ಕಿ ಹೊಡೆಯುವುದು ಸಲೀಸಾದ ಮೇಲೆ ಹೆಗಲ ಮೇಲೆ ಕಬ್ಬಿಣದ ಸರಳು ಬಂತು. ಇವತ್ತು ಆ ಸರಳನ್ನು ನೆಲದಿಂದ ಎತ್ತುವ ಹೊತ್ತು ನನ್ನ ದಿನದ ಅತ್ಯಂತ ಸ್ಪಷ್ಟವಾದ ಹೊತ್ತು. ಓದಿಗೆ ಕೂತಾಗ ಮನಸ್ಸು ನಿಲ್ಲುತ್ತದೆ, ರಾತ್ರಿ ನಿದ್ದೆ ಗಾಢವಾಗಿ ಬರುತ್ತದೆ.

ಇನ್ನು ದುಡಿತದ ಮಾತು. ನನ್ನ ಅವ್ವ ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ಬಾಗಿ ಕಸ ತೆಗೆಯುತ್ತಾಳೆ, ಹತ್ತಿ ಬಿಡಿಸುತ್ತಾಳೆ, ಮೆಣಸಿನಕಾಯಿ ಸುಗ್ಗಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ತೊಟ್ಟು ತೆಗೆಯುತ್ತಾಳೆ. ಮನೆಗೆ ಬಂದ ಮೇಲೆ ನೀರು, ರೊಟ್ಟಿ, ದನಕರುಗಳ ಕೆಲಸ. ನನಗಿಂತ ಹತ್ತು ಪಟ್ಟು ಹೆಚ್ಚು ಮೈ ಬಳಸುವವಳು ಅವಳು. ಆದರೂ ಅವಳ ಸೊಂಟ ನೋಯುತ್ತದೆ, ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುತ್ತದೆ, ಕೈ ಮೇಲೆತ್ತಿದರೆ ಭುಜ ಕಟ್ಟಿದಂತಾಗುತ್ತದೆ. ದುಡಿತವೇ ವ್ಯಾಯಾಮವಾಗಿದ್ದರೆ ನಮ್ಮ ಊರಿನ ಹೆಣ್ಣುಮಕ್ಕಳ ಮೈ ಜಿಲ್ಲೆಯಲ್ಲೇ ಗಟ್ಟಿಯಾಗಿರಬೇಕಿತ್ತು. ಐವತ್ತು ದಾಟುವುದರೊಳಗೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಓಡಾಡುವವರನ್ನು ನಮ್ಮ ಓಣಿಯಲ್ಲೇ ಎಷ್ಟೋ ಜನರನ್ನು ನೋಡಬಹುದು.

ಇದು ನಾನೊಬ್ಬಳೇ ಕಂಡುಕೊಂಡ ಸಂಗತಿಯಲ್ಲ. ಬಿಡುವಿನ ವೇಳೆಯ ವ್ಯಾಯಾಮ ಹೃದಯಕ್ಕೆ ಕೊಡುವ ಲಾಭವನ್ನು ಹೊಟ್ಟೆಪಾಡಿನ ಭಾರೀ ದುಡಿಮೆ ಅದೇ ರೀತಿಯಲ್ಲಿ ಕೊಡುವಂತೆ ಕಾಣುವುದಿಲ್ಲ ಎಂಬುದನ್ನು ಸಂಶೋಧಕರು ಕೆಲವು ವರ್ಷಗಳಿಂದ ಚರ್ಚಿಸುತ್ತಿದ್ದಾರೆ. ಅದನ್ನು ಅವರು ದೈಹಿಕ ಚಟುವಟಿಕೆಯ ವಿರೋಧಾಭಾಸ ಎಂದೇ ಕರೆಯುತ್ತಾರೆ. ಅವರು ಮುಂದಿಡುವ ಕಾರಣಗಳನ್ನು ಓದಿದಾಗ ನನಗೆ ನಮ್ಮ ಹೊಲವೇ ಕಣ್ಣ ಮುಂದೆ ಬಂತು. ದುಡಿಮೆಯಲ್ಲಿ ಒಂದೇ ಚಲನೆ ಗಂಟೆಗಟ್ಟಲೆ ಮರುಕಳಿಸುತ್ತದೆ, ಮೈ ಒಂದೇ ಭಂಗಿಯಲ್ಲಿ ನಿಂತಿರುತ್ತದೆ, ರಕ್ತದೊತ್ತಡ ದಿನವಿಡೀ ಏರಿಯೇ ಇರುತ್ತದೆ, ದಣಿವಾರಿಸಿಕೊಳ್ಳಲು ಹೊತ್ತಿರುವುದಿಲ್ಲ, ಕೆಲಸದ ವೇಗವೂ ದುಡಿಯುವವರ ಕೈಯಲ್ಲಿರುವುದಿಲ್ಲ. ಮಳೆ ಬರುವ ಮೊದಲು ಬಿತ್ತನೆ ಮುಗಿಯಬೇಕೆಂದಾಗ ಮೊಣಕಾಲು ನೋಯುತ್ತಿದೆಯೆಂದು ಕುಳಿತುಕೊಳ್ಳುವ ಸ್ವಾತಂತ್ರ್ಯ ನನ್ನ ಅವ್ವನಿಗಿಲ್ಲ.

ವ್ಯಾಯಾಮದಲ್ಲಿ ಇದೆಲ್ಲವೂ ತಿರುವುಮುರುವು. ಮೈ ಇವತ್ತು ತಾಳುವಷ್ಟು ಭಾರದಿಂದ ಆರಂಭಿಸಿ, ವಾರದಿಂದ ವಾರಕ್ಕೆ ಒಂದಿಷ್ಟೇ ಏರಿಸುತ್ತ ಹೋಗುವುದು ಅದರ ಮೂಲ ನಿಯಮ. ಮೊದಲ ಕೆಲವು ವಾರಗಳಲ್ಲಿ ಬಲ ಬೇಗ ಹೆಚ್ಚುತ್ತದೆ. ಅದಕ್ಕೆ ಮುಖ್ಯ ಕಾರಣ ಸ್ನಾಯು ದಪ್ಪವಾಗುವುದಲ್ಲ. ಇರುವ ಸ್ನಾಯುವಿನ ಎಳೆಗಳನ್ನು ಒಟ್ಟಾಗಿ ಕೆಲಸಕ್ಕೆ ಹಚ್ಚುವುದನ್ನು ನರಮಂಡಲ ಕಲಿಯುವುದು. ಸ್ನಾಯು ನಿಧಾನವಾಗಿ, ತಿಂಗಳುಗಳ ಲೆಕ್ಕದಲ್ಲಿ ಬೆಳೆಯುತ್ತದೆ, ಅದೂ ಭಾರ ಎತ್ತುವ ಹೊತ್ತಿನಲ್ಲಿ ಅಲ್ಲ, ಎತ್ತಿದ ನಂತರದ ಒಂದೆರಡು ದಿನಗಳ ಊಟ, ನಿದ್ದೆ ಮತ್ತು ವಿಶ್ರಾಂತಿಯಲ್ಲಿ. ಭಾರ, ಊಟ, ವಿಶ್ರಾಂತಿ ಈ ಮೂರೂ ಕೂಡಿದರೆ ಮೈ ಕಟ್ಟಿಕೊಳ್ಳುತ್ತದೆ. ಮೊದಲನೆಯದನ್ನು ಮಾತ್ರ ಹೇರಿ ಉಳಿದೆರಡನ್ನು ಕಸಿದುಕೊಂಡರೆ ಮೈ ಸವೆಯುತ್ತದೆ. ನನ್ನ ಅವ್ವನಿಗೂ ನನಗೂ ಇರುವ ವ್ಯತ್ಯಾಸ ಇಷ್ಟೇ, ಮತ್ತು ಇದು ಬಹಳ ದೊಡ್ಡ ವ್ಯತ್ಯಾಸ.

ನಮ್ಮ ನಾಡಿನ ಗರಡಿಮನೆಗಳು ಈ ತಿಳಿವಳಿಕೆಯನ್ನು ಬಹಳ ಹಿಂದೆಯೇ ಬಳಕೆಗೆ ತಂದಿದ್ದವು. ಪೈಲ್ವಾನನಾಗಬೇಕಾದ ಹುಡುಗನನ್ನು ಉಸ್ತಾದರು ಬಂದ ದಿನವೇ ಕುಸ್ತಿಗೆ ಇಳಿಸುತ್ತಿರಲಿಲ್ಲ. ಮೊದಲು ಮಟ್ಟಿ, ಅಂದರೆ ಕುಸ್ತಿ ಕಣದ ಮಣ್ಣು, ಅಗೆಯುವುದು, ದಂಡ, ಬಸ್ಕಿ, ಆಮೇಲೆ ಗದೆ ತಿರುಗಿಸುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಮು ಏರುತ್ತಿತ್ತು. ಸಾಮಿನಷ್ಟೇ ಮಹತ್ವ ಖುರಾಕಿಗೂ ಇತ್ತು. ಹಾಲು, ತುಪ್ಪ, ಬಾದಾಮಿ ಹೊಂದಿಸಲು ಮನೆಯವರಿಗೆ ಆಗದಿದ್ದರೆ ಊರಿನವರು ಕೂಡಿ ಪೈಲ್ವಾನನನ್ನು ಸಾಕುತ್ತಿದ್ದರು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನೂ ಹೊಲದಲ್ಲಿ ದುಡಿಯುವವನೇ, ಆದರೂ ಅವನು ಹೊಲದ ಕೆಲಸವನ್ನಷ್ಟೇ ನಂಬಿಕೊಂಡು ಕಲ್ಲಿಗೆ ಕೈ ಹಚ್ಚುವುದಿಲ್ಲ. ಅದಕ್ಕೆಂದೇ ಬೇರೆ ತಯಾರಿ ಮಾಡುತ್ತಾನೆ. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವು ಬೇಕೆಂದು ಅರಿತ ಸಮಾಜ, ಆ ಎತ್ತಿಗೆ ಮೇವು ಹಾಕುವ ಹೆಣ್ಣಿಗೆ ವಾರದಲ್ಲಿ ಒಂದು ದಿನ ಗೊತ್ತು ಮಾಡಲಿಲ್ಲ. ಗರಡಿಯ ಬಾಗಿಲೂ ಅವಳಿಗೆ ತೆರೆಯಲಿಲ್ಲ. ಧಾರವಾಡದಿಂದ ಬಹಳ ದೂರವಿಲ್ಲದ ಹಳಿಯಾಳದಂಥ ಊರುಗಳಲ್ಲಿ ಈಗ ಹುಡುಗಿಯರೂ ಕುಸ್ತಿ ಆಡುತ್ತಿದ್ದಾರೆ ಎಂಬುದು ನನಗೆ ಅತ್ಯಂತ ಸಂತೋಷದ ವಿಷಯ.

ಖುರಾಕಿನ ಮಾತು ಬಂದದ್ದರಿಂದ ವಿದ್ಯಾರ್ಥಿನಿಯರ ಊಟದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ನನ್ನ ಪ್ರಕಾರ ನಿಜವಾದ ಕೊರತೆ ಇರುವುದು ಇಲ್ಲಿ. ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 50 ಕಿಲೋ ತೂಕದ ಹುಡುಗಿಗೆ ಸುಮಾರು 42 ಗ್ರಾಂ. ಭಾರ ಎತ್ತುವ ಅಭ್ಯಾಸವಿದ್ದವರಿಗೆ ಇದಕ್ಕಿಂತ ಸಾಕಷ್ಟು ಹೆಚ್ಚು ಬೇಕಾಗುತ್ತದೆ. ವಸತಿನಿಲಯದ ಅನ್ನ, ತೆಳು ಸಾರು, ಎರಡು ಚಪಾತಿ, ಒಂದಿಷ್ಟು ಬಟಾಟಿ ಪಲ್ಯದಲ್ಲಿ ಮೊದಲ ಲೆಕ್ಕ ಮುಟ್ಟುವುದೇ ಕಷ್ಟ. ಹಾಗೆಂದು ದುಬಾರಿ ಪುಡಿಯ ಡಬ್ಬಿಗಳಿಗೆ ಮೊರೆಹೋಗಬೇಕಾಗಿಲ್ಲ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಹೆಸರುಕಾಳಿನಲ್ಲೂ ಮಡಕಿಕಾಳಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ, ಒಂದು ತತ್ತಿಯಲ್ಲಿ 6 ಗ್ರಾಂನಷ್ಟಿದೆ. ಜೋಳದ ರೊಟ್ಟಿ, ಮೊಳಕೆ ಬಂದ ಕಾಳಿನ ಪಲ್ಯ, ಗಟ್ಟಿ ಮೊಸರು, ಶೇಂಗಾ ಚಟ್ನಿ, ಹಸಿ ಮೆಂತ್ಯಸೊಪ್ಪು ಇರುವ ನಮ್ಮ ಊರಿನ ತಾಟು ಹೊಟ್ಟೆ ತುಂಬ ಸಿಕ್ಕರೆ ಬಹುಪಾಲು ಅಗತ್ಯ ಅದರಲ್ಲೇ ತೀರುತ್ತದೆ. ಹಳ್ಳಿಯಲ್ಲಿ ಆ ತಾಟು ಗಂಡಸರಿಗೆ ಮೊದಲು ಬಡಿಸಲಾಗುತ್ತದೆ. ನಗರದ ವಸತಿನಿಲಯದಲ್ಲಿ ಅದು ಬರುವುದೇ ಇಲ್ಲ.

ಇದಕ್ಕಿಂತ ಗಂಭೀರವಾದದ್ದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 57ರಷ್ಟು ಜನ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಸ್ನಾಯುವಿಗೆ ಆಮ್ಲಜನಕ ಒಯ್ಯುವುದು ಹಿಮೋಗ್ಲೋಬಿನ್. ಅದೇ ಕಡಿಮೆಯಿದ್ದರೆ ಓಟದಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಓದಿನಲ್ಲಿ ತಲೆ ಭಾರವಾಗುತ್ತದೆ. ನಮ್ಮ ಜೊತೆ ಓಡುತ್ತಿದ್ದ ಗೆಳತಿಯೊಬ್ಬಳು ಎರಡನೇ ಸುತ್ತಿಗೇ ಬಸವಳಿಯುತ್ತಿದ್ದಳು. ಎಲ್ಲರೂ ಅವಳನ್ನು ಸೋಮಾರಿ ಎಂದುಕೊಂಡಿದ್ದರು. ಮೇಡಂ ಒತ್ತಾಯದಿಂದ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 100 ಮಿಲಿಲೀಟರ್ ರಕ್ತದಲ್ಲಿ ಇರಬೇಕಾದ 12 ಗ್ರಾಂಗಿಂತ ಬಹಳ ಕೆಳಗಿತ್ತು. ವೈದ್ಯರು ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟು, ಊಟದ ಬೆನ್ನಲ್ಲೇ ಚಹಾ ಕುಡಿಯಬಾರದೆಂದು, ಕಾಳು ಸೊಪ್ಪಿನ ಮೇಲೆ ಲಿಂಬೆಹಣ್ಣು ಹಿಂಡಿಕೊಳ್ಳಬೇಕೆಂದು ಹೇಳಿದರು. ಚಹಾ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳದಂತೆ ತಡೆಯುತ್ತದೆ, ಲಿಂಬೆ ಹೀರಿಕೊಳ್ಳಲು ನೆರವಾಗುತ್ತದೆ. ಕೆಲವು ತಿಂಗಳಲ್ಲಿ ಅವಳು ನಮ್ಮೆಲ್ಲರಿಗಿಂತ ಮುಂದೆ ಓಡತೊಡಗಿದಳು. ವ್ಯಾಯಾಮದ ಗೀಳು ಹತ್ತದೇ ಹೋಗಿದ್ದರೆ ಆ ಹುಡುಗಿ ತನ್ನ ಕಾಯಿಲೆಯನ್ನು ತನ್ನ ಸ್ವಭಾವವೆಂದೇ ತಿಳಿದುಕೊಂಡು ಬಾಳುತ್ತಿದ್ದಳು ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಭಾರ ಎತ್ತಿದರೆ ಹುಡುಗಿಯ ಮೈ ಗಂಡಸಿನ ಮೈಯಂತಾಗುತ್ತದೆ ಎಂಬ ಅಂಜಿಕೆಗೆ ಹೆಚ್ಚು ಮಾತು ಬೇಕಿಲ್ಲ. ಹೆಣ್ಣಿನ ಮೈಯಲ್ಲಿ ಟೆಸ್ಟೋಸ್ಟೆರಾನ್ ಗಂಡಿನದಕ್ಕಿಂತ ಬಹಳ ಪಾಲು ಕಡಿಮೆಯಿರುವುದರಿಂದ ಬಲ ಬರುತ್ತದೆಯೇ ಹೊರತು ಆ ಗಾತ್ರ ಬರುವುದಿಲ್ಲ. ಭಾರ ಎತ್ತುವುದರಿಂದ ಗಟ್ಟಿಯಾಗುವ ಮೂಳೆಯ ವಿಷಯ ಇದಕ್ಕಿಂತ ಮುಖ್ಯ. ಮೂಳೆಯ ಸಾಂದ್ರತೆ ತನ್ನ ತುದಿ ಮುಟ್ಟುವುದು ಹೆಚ್ಚುಕಡಿಮೆ ಮೂವತ್ತರ ಒಳಗೆ, ಮುಟ್ಟು ನಿಂತ ಮೇಲೆ ಅದು ವೇಗವಾಗಿ ಇಳಿಯುತ್ತದೆ. ಕಾಲೇಜಿನ ವರ್ಷಗಳಲ್ಲಿ ಕೂಡಿಟ್ಟದ್ದು ಅರವತ್ತರಲ್ಲಿ ಬಿದ್ದಾಗ ಮುರಿಯದಂತೆ ಕಾಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಜೊತೆಗೆ, ವಾರದಲ್ಲಿ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಎಲ್ಲ ವಯಸ್ಕರಿಗೂ ಹೇಳಿದೆ. ಹೆಂಗಸರನ್ನು ಅದರಿಂದ ಹೊರಗಿಟ್ಟಿಲ್ಲ.

ನಮ್ಮ ಕಣ್ಣೆದುರಿಗೇ ಉದಾಹರಣೆಗಳಿವೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ, ಮಹಿಳೆಯರ ಭಾರ ಎತ್ತುವ ಸ್ಪರ್ಧೆ ಮೊದಲ ಬಾರಿಗೆ ಸೇರ್ಪಡೆಯಾದಾಗ, ಆಂಧ್ರದ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೋ ಎತ್ತಿ ಕಂಚು ತಂದರು. ಟೋಕಿಯೊದಲ್ಲಿ ಮಣಿಪುರದ ಮೀರಾಬಾಯಿ ಚಾನು 49 ಕಿಲೋ ವಿಭಾಗದಲ್ಲಿ 202 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಚಿಕ್ಕಂದಿನಲ್ಲಿ ಅವರು ಕಟ್ಟಿಗೆ ಹೊರೆ ಹೊರುತ್ತಿದ್ದರೆಂಬುದನ್ನು ನಮ್ಮ ಕಾಕಾ ತಮ್ಮ ವಾದಕ್ಕೆ ಸಾಕ್ಷಿಯಾಗಿ ಹೇಳುವುದುಂಟು. ನನ್ನ ಉತ್ತರ ಇಷ್ಟೇ: ಕಟ್ಟಿಗೆ ಹೊರುವ ಹುಡುಗಿಯರು ನಮ್ಮ ದೇಶದಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ, ಅವರಲ್ಲಿ ತರಬೇತಿ, ಆಹಾರ, ವಿಶ್ರಾಂತಿ ದೊರೆತವರು ಕೆಲವೇ ಕೆಲವರು.

ಧಾರವಾಡದ ಮೈದಾನಗಳಲ್ಲಿ ನಸುಕಿನಲ್ಲಿ ಓಡುವ ಹುಡುಗಿಯರ ಸಂಖ್ಯೆ ಸಣ್ಣದಲ್ಲ. ಸಪ್ತಾಪುರದ ಕೋಣೆಗಳಲ್ಲಿದ್ದು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವವರಿಗೆ 400 ಮೀಟರ್ ಓಟವನ್ನು 2 ನಿಮಿಷದೊಳಗೆ ಮುಗಿಸುವ ಗುರಿ ಇರುತ್ತದೆ. ಅವರ ಛಲ ನನಗೆ ಗೌರವ ಹುಟ್ಟಿಸುತ್ತದೆ. ಆದರೆ ದೈಹಿಕ ಪರೀಕ್ಷೆ ಮುಗಿದ ಮರುದಿನವೇ ಬಹಳ ಜನ ಬೂಟು ಕಟ್ಟಿಡುತ್ತಾರೆ, ಏಕೆಂದರೆ ನೌಕರಿಗಾಗಿ ಓಡುವ ಹುಡುಗಿಗೆ ಮನೆಯವರು ಕೊಟ್ಟ ಅನುಮತಿ ತನಗಾಗಿ ಓಡುವ ಹುಡುಗಿಗೆ ಸಿಗುವುದಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ಒಂದು ಸಣ್ಣ ಅಭ್ಯಾಸ ಕಲಿಸಿಕೊಟ್ಟೆ. ಕುರ್ಚಿಯ ಮೇಲೆ ಕುಳಿತು, ಕೈ ಊರದೆ ನಿಧಾನವಾಗಿ ಏಳುವುದು, ಅಷ್ಟೇ ನಿಧಾನವಾಗಿ ಕೂಡುವುದು. ಹೊಲದ ಕೆಲಸವಿಲ್ಲದ ದಿನ ಮಾತ್ರ ಮಾಡಬೇಕೆಂದು ಹೇಳಿದೆ. "ದುಡದು ಬಂದು ಮತ್ತ ಇದನ್ನೂ ಮಾಡಂತಿ ಅಂದಕೊಂಡಿದ್ನಿ" ಎಂದಳು. ಮೊಣಕಾಲಿನ ಸುತ್ತಲ ಸ್ನಾಯು ಬಲವಾದರೆ ಕೀಲಿನ ಮೇಲಿನ ಹೊರೆ ತಗ್ಗುತ್ತದೆ ಎಂಬ ವಿವರಣೆಗಿಂತ, ಕೆಲಸವಿಲ್ಲದ ದಿನ ಎಂಬ ಮಾತೇ ಅವಳಿಗೆ ಹೊಸದಾಗಿತ್ತು.

ಕಾಲೇಜುಗಳನ್ನೂ ವಸತಿನಿಲಯಗಳನ್ನೂ ನಡೆಸುವವರಲ್ಲಿ ನನ್ನ ಕೋರಿಕೆಗಳು ದೊಡ್ಡವಲ್ಲ. ಹುಡುಗಿಯರ ವಸತಿನಿಲಯದ ಗೇಟನ್ನು ಮುಂಜಾನೆ ಐದೂವರೆಗೆ ತೆರೆಯಿರಿ, ಹೊರಗೆ ಹೋಗುವವರ ಹೆಸರು ಬರೆದುಕೊಳ್ಳಿ, ಆದರೆ ತಡೆಯಬೇಡಿ. ಕಾಲೇಜಿನ ವ್ಯಾಯಾಮಶಾಲೆಯಲ್ಲಿ ಮಹಿಳೆಯರ ಸಮಯವೆಂದು ತರಗತಿ ನಡೆಯುವ ಹತ್ತು ಗಂಟೆಯನ್ನು ಗೊತ್ತು ಮಾಡುವ ಬದಲು ಸಂಜೆಯ ಒಂದು ತಾಸನ್ನು ಕೊಡಿ, ಭಂಗಿ ತಿದ್ದಬಲ್ಲ ಒಬ್ಬ ಮಹಿಳಾ ತರಬೇತುದಾರರನ್ನು ನೇಮಿಸಿ. ವರ್ಷಕ್ಕೆ ಎರಡು ಬಾರಿ ಎಲ್ಲ ವಿದ್ಯಾರ್ಥಿನಿಯರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಊಟದ ಪಟ್ಟಿಯಲ್ಲಿ ದಿನಕ್ಕೊಮ್ಮೆ ಕಾಳಿನ ಪಲ್ಯವಿರಲಿ, ಬೇಕೆಂದವರಿಗೆ ತತ್ತಿ, ಬೇಡವೆಂದವರಿಗೆ ನೆನೆಸಿದ ಶೇಂಗಾ ಸಿಗಲಿ. ನಮ್ಮ ವಸತಿನಿಲಯದ ಗೆಳತಿಯರು ಕೂಡಿ ಈ ನಾಲ್ಕನ್ನೂ ಒಂದು ಮನವಿಯಾಗಿ ಬರೆಯುತ್ತಿದ್ದೇವೆ. ಹುಬ್ಬಳ್ಳಿ, ಗದಗ, ಹಾವೇರಿಯ ವಸತಿನಿಲಯಗಳಲ್ಲಿರುವವರು ತಮ್ಮಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಇಲ್ಲಿ ಬರೆದು ತಿಳಿಸಿದರೆ ಅದನ್ನೂ ಮನವಿಯಲ್ಲಿ ಸೇರಿಸುತ್ತೇವೆ.