ಉಷ್ಟ್ರಪಕ್ಷಿಯ ಮಾಂಸ ಬಿಳಿಯಲ್ಲ, ಕೊಲೆಸ್ಟರಾಲ್ ಸೊನ್ನೆಯೂ ಅಲ್ಲ

ಡೊಂಬಿವಲಿಯ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಉಷ್ಟ್ರಪಕ್ಷಿಯದು ಕೋಳಿಯಂತೆ ಬಿಳಿ ಮಾಂಸ, ಕೊಲೆಸ್ಟರಾಲ್ ಸೊನ್ನೆ, ಹೃದ್ರೋಗಿಗಳು ಎಷ್ಟು ಬೇಕಾದರೂ ತಿನ್ನಬಹುದು. ಕುಕ್ಕರಿನಲ್ಲಿ ಎಂಟು ಸೀಟಿ ಕೂಗಿಸಿ.’

ಹಕ್ಕಿ ಹೌದು, ಮಾಂಸ ಮಾತ್ರ ಕೆಂಪು. ಹಾರದ ಈ ಹಕ್ಕಿಗೆ ಕೋಳಿಗಿರುವಂಥ ತುಂಬಿದ ಎದೆಮಾಂಸವಿಲ್ಲ. ತಿನ್ನುವುದು ಹೆಚ್ಚಾಗಿ ಓಡಿ ಪಳಗಿದ ತೊಡೆ, ಕಾಲುಗಳ ಸ್ನಾಯು. ಅದರಲ್ಲಿರುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್‌ನಿಂದಲೇ ಆ ಬಣ್ಣ. ಕೊಬ್ಬು ಕಡಿಮೆ ಎಂಬುದೇನೋ ನಿಜ: 100 ಗ್ರಾಂ ಹಸಿ ಮಾಂಸದಲ್ಲಿ ಸುಮಾರು 2–3 ಗ್ರಾಂ, ಪ್ರೋಟೀನ್ 20 ಗ್ರಾಂಗೂ ಮೇಲೆ. ಆದರೆ ಕೊಲೆಸ್ಟರಾಲ್ ಇರುವುದು ಬಿಳಿ ಕೊಬ್ಬಿನಲ್ಲಷ್ಟೇ ಅಲ್ಲ, ಪ್ರತಿ ಜೀವಕೋಶದ ಪೊರೆಯಲ್ಲಿ. ಆದ್ದರಿಂದ ಅದರ ಪ್ರಮಾಣ ಕೋಳಿ, ದನದ ಮಾಂಸದ ಆಸುಪಾಸಿನಲ್ಲೇ ಇರುತ್ತದೆ. ಸೊನ್ನೆ ಬೇಕಿದ್ದವರು ಹುರುಳಿ ಸಾರು ಮಾಡಿಕೊಳ್ಳಲಿ.

ಇನ್ನು ಆ ಎಂಟು ಸೀಟಿ! ಕತ್ತಿನ ನಾರು ತುಂಡಿಗಾದರೆ ದೀರ್ಘ ಬೇಯಿಸುವಿಕೆ ಒಪ್ಪುತ್ತದೆ. ತೊಡೆಯ ಮೃದು ತುಂಡಿಗೆ ಹಾಗೆ ಮಾಡಿದರೆ ಒಣಗಿ ಚರ್ಮದಂತಾಗುತ್ತದೆ; ಅದಕ್ಕೆ ಎಣ್ಣೆ ಸವರಿ, ಕಾದ ಕಾವಲಿಯಲ್ಲಿ ಬೇಗ ಹುರಿದು ಇಳಿಸಬೇಕು. ಸುಕ್ಕ ಮಾಡುವವರು ಮಸಾಲೆಯನ್ನು ಮೊದಲೇ ಬೇಯಿಸಿಟ್ಟುಕೊಂಡು ಮಾಂಸವನ್ನು ಕೊನೆಗೆ ಹಾಕಲಿ.