ಎಲ್ಲವೂ ಒಂದೇ ಅರ್ಥದ ಕ್ರಿಯಾಪದಗಳಲ್ಲ
ಬೇಡವಾದುದನ್ನು ದೂರವಿಡುವುದನ್ನು ಸೂಚಿಸುವ ರಿಪೆಲ್, ರೆಸಿಸ್ಟ್, ಫೆಂಡ್ ಆಫ್, ವಾರ್ಡ್ ಆಫ್, ಸ್ಟೇವ್ ಆಫ್ ಎಂಬ ಇಂಗ್ಲಿಷ್ ಕ್ರಿಯಾಪದಗಳನ್ನು ನಾನು ಓದಿದ ಲೇಖನವೊಂದು ಸಮಾನಾರ್ಥಕಗಳೆಂದು ಒಂದೇ ಪಟ್ಟಿಯಲ್ಲಿ ಸೇರಿಸಿರುವುದನ್ನು ನಾನು ಒಪ್ಪಲಾರೆ. ಲ್ಯಾಟಿನ್ ಮೂಲದ ರಿಪೆಲ್ ಎಂದರೆ ಬಂದದ್ದನ್ನು ಹಿಂದಕ್ಕೆ ತಳ್ಳುವುದು. ಅದೇ ಭಾಷೆಯಿಂದ ಬಂದ ರೆಸಿಸ್ಟ್ ಎಂಬುದರಲ್ಲಿ ತಳ್ಳುವ ಕ್ರಿಯೆಯಿಲ್ಲ, ಎದುರಾಗಿ ನಿಂತು ಮಣಿಯದಿರುವ ಭಾವವಿದೆ. ಆದ್ದರಿಂದಲೇ ಅಯಸ್ಕಾಂತದ ಸಜಾತೀಯ ಧ್ರುವಗಳು ಒಂದನ್ನೊಂದು ರಿಪೆಲ್ ಮಾಡುತ್ತವೆ, ಪ್ರತಿಜೀವಕಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಾದರೋ ಅದನ್ನು ರೆಸಿಸ್ಟ್ ಮಾಡುತ್ತವೆ. ಪ್ರಲೋಭನೆಯ ವಿಷಯದಲ್ಲಿಯೂ ರೆಸಿಸ್ಟ್ ಎಂಬುದೇ ಸಲ್ಲುತ್ತದೆ. ಡಿಫೆಂಡ್‌ನ ಮೊಟಕು ರೂಪವಾದ ಫೆಂಡ್ ಮತ್ತು ಕಾವಲಿನ ಅರ್ಥವುಳ್ಳ ವಾರ್ಡ್ ಅನೇಕ ಕಡೆ ಅದಲುಬದಲಾಗಬಲ್ಲವು ಎಂಬುದು ನಿಜ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಸ್ಟೇವ್ ಆಫ್: 17ನೆಯ ಶತಮಾನದಲ್ಲಿ ಕೋಲು ಹಿಡಿದು ನಾಯಿಗಳನ್ನು ದೂರವಿಡುವ ಅರ್ಥದಲ್ಲಿ ಬಳಕೆಯಲ್ಲಿದ್ದ ಇದು, ಇಂದು ಹಸಿವು, ದಿವಾಳಿತನ, ಸೋಲುಗಳನ್ನು ಸದ್ಯಕ್ಕೆ ಮುಂದೂಡುವುದನ್ನು ಹೇಳುತ್ತದೆಯೇ ಹೊರತು ಅವು ಶಾಶ್ವತವಾಗಿ ತೊಲಗಿದವೆಂದು ಸೂಚಿಸುವುದಿಲ್ಲ. ಕಲಿಯುವವರ ಹಿತದೃಷ್ಟಿಯಿಂದ ಲೇಖಕರು ಪ್ರತಿಯೊಂದು ಕ್ರಿಯಾಪದದೊಂದಿಗೆ ಸಹಜವಾಗಿ ಬರುವ ಕರ್ಮಪದಗಳನ್ನೂ ಸೇರಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.