ಲಾಸ್ಟ್ ಪ್ರೈಸ್ ಎಷ್ಟು ಸರ್?

ಹೊಸ ಸ್ಪೀಕರ್‌ಗೆ ಎಷ್ಟು ಬಿಡ್ತೀರಿ ಅಂತ ಕೇಳಿದರೆ ಬೆಂಗಳೂರಿನ ಹೈ-ಫೈ ಆಡಿಯೋ ಅಂಗಡಿಗಳಲ್ಲಿ ಯಾರೂ ರೇಟು ಹೇಳುವುದಿಲ್ಲ. ಕಾಫಿ ಹೇಳುತ್ತಾರೆ. ಕಳೆದ ಶನಿವಾರ ನನಗೂ ಬಂತು. ಮೆಷಿನ್ ಕಾಫಿ, ಸಕ್ಕರೆ ಜಾಸ್ತಿ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಚೌಕಾಸಿಯಲ್ಲಿ ನಾವೇನು ಕಡಿಮೆಯವರಲ್ಲ. ಗಾಂಧಿ ಬಜಾರಿನಲ್ಲಿ ಬೆಂಡೆಕಾಯಿ ತುದಿ ಪಟಕ್ಕನೆ ಮುರಿದು ನೋಡಿ, ಮುರಿಯದಿದ್ದರೆ ಮುಖ ಸಿಂಡರಿಸಿ, ಐದು ರೂಪಾಯಿ ಇಳಿಸಿಕೊಂಡು ಬರುವ ಜನ. ಸ್ಪೀಕರ್‌ಗೆ ಮುರಿಯಲು ತುದಿಯೇ ಇಲ್ಲ. ಮುಂದಿನ ಜಾಲರಿ ತೆಗೆದು, ಸಣ್ಣ ದನಿ ಹೊರಡಿಸುವ ಪುಟ್ಟ ಟ್ವೀಟರ್ ಹತ್ತಿರ ಬೆರಳು ಒಯ್ದರೆ ಸಾಕು, "ಸರ್ ಸರ್ ಸರ್" ಅಂತ ಅಂಗಡಿಗೆ ಅಂಗಡಿಯೇ ಓಡಿ ಬರುತ್ತದೆ.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಾದರೆ ಅರ್ಧ ರೇಟಿಗೆ ಕೇಳಿ, ಪಕ್ಕದ ಅಂಗಡಿಗೆ ಹೊರಟ ಹಾಗೆ ಎರಡು ಹೆಜ್ಜೆ ಇಡಬಹುದು. ಹಿಂದಿನಿಂದ ಕೂಗಿ ಕರೆಯುತ್ತಾರೆ. ಇಲ್ಲಿ ಎರಡು ಹೆಜ್ಜೆ ಇಟ್ಟರೆ ಗಾಜಿನ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಯಾರೂ ಕರೆಯುವುದಿಲ್ಲ. ಯಾಕೆ ಕರೆಯಬೇಕು? ನಾನು ನೋಡಿದ ಬ್ರಾಂಡ್ ಹೊರದೇಶದ್ದು, ತರಿಸುವವರು ಒಬ್ಬರೇ, ಊರಿನ ಡೀಲರ್‌ಗಳೆಲ್ಲ ಅವರ ಹತ್ತಿರವೇ ತಗೊಳ್ಳಬೇಕು. ಇಂದಿರಾನಗರದ ಅಂಗಡಿ ಬಿಟ್ಟು ಟ್ರಾಫಿಕ್‌ನಲ್ಲಿ ಬೆವರಿ ಜಯನಗರದ ಅಂಗಡಿಗೆ ಬಂದರೆ, "ವಾಲ್‌ನಟ್ ಕಲರ್ ಕೇಳಿದ್ದು ನೀವೇ ಅಲ್ವಾ ಸರ್?" ಅಂದರು. ಸುದ್ದಿಗೆ ಸಿಗ್ನಲ್ ಇರುವುದಿಲ್ಲ.

ಈ ಜಯನಗರದ ಯಜಮಾನರ ಬಗ್ಗೆ ಹೇಳಲೇಬೇಕು. ಬಹಳ ಮರ್ಯಾದಸ್ಥರು. ಅವರದು ಒಂದೇ ಅಭ್ಯಾಸ. ಮಾತು ದುಡ್ಡಿನ ಕಡೆ ತಿರುಗಿದರೆ ಕಣ್ಣು ಮುಚ್ಚಿಕೊಂಡು ರಿಮೋಟ್ ಒತ್ತಿ ಸದ್ದು ಏರಿಸುತ್ತಾರೆ.

ಡೆಮೊ ರೂಮಿನ ಸ್ಪೀಕರ್‌ನೊಳಗೆ ಒಬ್ಬಳು ಹೆಂಗಸು ಗಿಟಾರ್ ಜೊತೆ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದಳು. ಇವಳು ಎಲ್ಲ ಹೈ-ಫೈ ಅಂಗಡಿಯಲ್ಲೂ ಇರುತ್ತಾಳೆ. ನಾನು ಪೆನ್‌ಡ್ರೈವ್‌ನಲ್ಲಿ ಭೀಮಸೇನ ಜೋಶಿಯವರನ್ನು ಕರೆದುಕೊಂಡು ಹೋಗಿದ್ದೆ. "ಆ ರೆಕಾರ್ಡಿಂಗ್ ಇದಕ್ಕೆ ಸಾಲಲ್ಲ ಸರ್" ಅಂದುಬಿಟ್ಟರು. 65,000 ರೂಪಾಯಿಯ ಎರಡು ಡಬ್ಬಕ್ಕೆ ಭೀಮಸೇನ ಜೋಶಿ ಸಾಲುವುದಿಲ್ಲವಂತೆ!

"ಸರ್, ಹದಿನೈದು ಪರ್ಸೆಂಟ್ ಏನಾದರೂ..." ಅಂದೆ. ಕಣ್ಣು ಮುಚ್ಚಿತು. ರಿಮೋಟ್ ಎದ್ದಿತು. ಹೆಂಗಸು ನನ್ನ ಪಕ್ಕದ ಸೋಫಾಗೆ ಬಂದು ಕೂತಳು.

"ಹನ್ನೆರಡು?"

"ವೋಕಲ್ಸ್ ನೋಡಿ ಸರ್, ಉಸಿರು ಕೂಡ ಕೇಳ್ತದೆ." ಇನ್ನೂ ನಾಲ್ಕು ಒತ್ತು.

"ಹತ್ತಾದರೂ ಬಿಡಿ!" ಅಷ್ಟರಲ್ಲಿ ಡ್ರಮ್ಸ್ ಶುರುವಾಯಿತು. ಕಾಫಿ ಕಪ್ ಮೇಜಿನ ಮೇಲೆ ನಡೆಯತೊಡಗಿತು.

"ಎಂಟು!" ಅಂತ ಕಿರುಚಿದೆ.

"ಹೌದು ಸರ್, ಎಂಟು ಓಮ್!" ಅಂತ ಅವರೂ ಕಿರುಚಿದರು. ಓಮ್ ಅಂದರೆ ಸ್ಪೀಕರ್‌ನ ಒಂದು ವಿದ್ಯುತ್ ಅಳತೆ, ಪರ್ಸೆಂಟ್ ಅಲ್ಲ.

ಹಾಡು ಮುಗಿಯುವ ಹೊತ್ತಿಗೆ ನಾನು ಹದಿನೈದರಿಂದ ಎಂಟಕ್ಕೆ ಇಳಿದಿದ್ದೆ. ಅವರು ಇನ್ನೂ ರಿಯಾಯಿತಿಯ ಒಂದು ಅಂಕಿ ಬಾಯಿಂದ ತೆಗೆದಿರಲಿಲ್ಲ.

ಹೀಗೆ ಸದ್ದು ಏರಿಸುವುದು ಸುಮ್ನೆ ಚಟ ಅಲ್ಲ, ಕಸುಬು. ಸ್ವಲ್ಪ ಜೋರಾಗಿ ಕೇಳಿದ್ದೇ ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ. ಒಂದೇ ವ್ಯಾಟ್ ಕೊಟ್ಟರೆ, ಸದ್ದಿನ ಅಳತೆಯಲ್ಲಿ 84 ಡೆಸಿಬೆಲ್‌ನ ಸ್ಪೀಕರ್‌ಗಿಂತ 88ರದ್ದು ಜೋರಾಗಿಯೇ ಕೇಳುತ್ತದೆ. ಮೂರು ಡೆಸಿಬೆಲ್ ಏರಿಸಲು ಆಂಪ್ಲಿಫೈಯರ್ ಎರಡರಷ್ಟು ದುಡಿಯಬೇಕು. ಅಂದಮೇಲೆ ಎರಡು ಸ್ಪೀಕರ್ ಹೋಲಿಸುವಾಗ ಎರಡನ್ನೂ ಒಂದೇ ಸದ್ದಿಗೆ ತಂದು ಕೇಳಿಸಬೇಕು ತಾನೆ? ಹಾಗಂತ ಹೇಳಿದೆ. "ನಿಮಗೆ ತುಂಬಾ ನಾಲೆಜ್ ಇದೆ ಸರ್" ಅಂದರು. ಸದ್ದು ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಲೆಕ್ಕ ಬಂತು. ಎಂಆರ್‌ಪಿ ಮೇಲೆ ಜಿಎಸ್‌ಟಿ ಬೇರೆಯಂತೆ. ಎಲ್ಲ ತೆರಿಗೆ ಸೇರಿ ಅಂತ ಡಬ್ಬದ ಮೇಲೇ ಇದೆಯಲ್ಲ ಅಂದೆ. "ಸರಿ, ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಬಿಡ್ತೀನಿ" ಅಂದರು. ಅದು ಸರ್ಕಾರದ ದುಡ್ಡು. ಬಿಲ್ ಇಲ್ಲದೆ ವಾರಂಟಿ ಕೇಳುವುದು ಹೇಗೆ? ತಮ್ಮ ಜೇಬಿನ ಒಂದು ರೂಪಾಯಿ ಅಲ್ಲಾಡಿಸದೆ ದಾನಶೂರ ಕರ್ಣ ಆಗುವುದು ಹೇಗೆ ಅಂತ ಇವರಲ್ಲಿ ಕಲಿಯಬೇಕು. ಜೊತೆಗೆ ಆಕ್ಸಿಜನ್ ಫ್ರೀ ಕೇಬಲ್ ಅಂದರು. ವಿಚಾರಿಸಿದರೆ ತಾಮ್ರದಲ್ಲಿ ಆಕ್ಸಿಜನ್ ಇಲ್ಲ ಅಂತ ಅಷ್ಟೇ ಅರ್ಥ, ಕೇಬಲ್‌ಗೆ ಮೀಟರ್ ಲೆಕ್ಕದಲ್ಲಿ ದುಡ್ಡು.

ನಮ್ಮ ಮನೆಯಲ್ಲಿ ಅಪ್ಪನ ಒಂದು ರೇಡಿಯೋ ಇತ್ತು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಿ ರೇಡಿಯೋ ಕೇಳುತ್ತಿದ್ದ ಕಾಲದ್ದು. ಒಂದೇ ಸ್ಪೀಕರ್, ಕಾಗದದ ಕೋನ್, ಅದೂ ಅಂಚಿನಲ್ಲಿ ಹರಿದದ್ದು. ತಂಬೂರಿ ಶುರುವಾದರೆ ಕರಕರ ಅನ್ನುತ್ತಿತ್ತು. ಆಕಾಶವಾಣಿಯಲ್ಲಿ ಒಳ್ಳೆ ಕಚೇರಿ ಬಂದರೆ ಅಪ್ಪ ಅಡುಗೆಮನೆಗೂ ಕೇಳಲಿ ಅಂತ ಜೋರು ಮಾಡುತ್ತಿದ್ದರು, ಅಮ್ಮ ಒಗ್ಗರಣೆ ಸ್ವಲ್ಪ ತಡ ಮಾಡುತ್ತಿದ್ದಳು. ಆ ಕರಕರ ಇಲ್ಲದೆ ಅದನ್ನೆಲ್ಲ ಇನ್ನೊಮ್ಮೆ ಕೇಳೋಣ ಅಂತಲೇ ನಾನು ಹೊರಟದ್ದು. ಅಮ್ಮ ಇದ್ದಿದ್ದರೆ ಕೇಳುತ್ತಿದ್ದಳು. ರೇಟು ಕೇಳಿ ಬೈಯುತ್ತಲೂ ಇದ್ದಳು.

ಇರಲಿ. "ನಂಬರ್ ಕೊಡಿ ಸರ್, ಮೇಲಿನವರ ಹತ್ತಿರ ಮಾತಾಡಿ ಬೆಸ್ಟ್ ಪ್ರೈಸ್ ಕಳಿಸ್ತೀನಿ" ಅಂದಿದ್ದರು. ಅಂದಿನಿಂದ ದಿನಾ ಬೆಳಗಾಗುವುದರೊಳಗೆ ವಾಟ್ಸಾಪ್‌ಗೆ ಗುಲಾಬಿ ಹೂವಿನ ಶುಭೋದಯ ಬರುತ್ತಿದೆ. ಪ್ರೈಸ್ ಬಂದಿಲ್ಲ. ನಿನ್ನೆ ಹೂವಿನ ಕೆಳಗೆ "ಏಳು ಪರ್ಸೆಂಟ್?" ಅಂತ ಬರೆದೆ. ಮುಗಿದ ಕೈಗಳ ಚಿತ್ರ ಬಂತು. ಆಯ್ತು ಅಂತಲೋ, ಹೋಗಿ ಬನ್ನಿ ಅಂತಲೋ ತಿಳಿಯಲಿಲ್ಲ. ಇವತ್ತು "ಆರೂವರೆ?" ಅಂತ ಕಳಿಸಿದ್ದೇನೆ. ನೀಲಿ ಟಿಕ್ ಬಿದ್ದಿದೆ.